ಇಲ್ಲದ ಊರಿಗೆ ಇದ್ದ ಹೆಸರು

ಇಲ್ಲದ ಊರಿನ ವಿಷಯವಾಗಿ ಸುಳ್ಳು ಹೇಳುವುದು ಸಾಧ್ಯವೆ? ಮೇಲುನೋಟಕ್ಕೆ ಸಾಧ್ಯವಿಲ್ಲವೆಂದೇ ತೋರುತ್ತದೆ. ನಮ್ಮ ದಾರ್ಶನಿಕರು ಗಂಧರ್ವನಗರವೆಂಬ ಒಂದು ಊರನ್ನು ಉದಾಹರಣೆಗಾಗಿ ಇಟ್ಟುಕೊಂಡಿದ್ದರು. ಸಂಜೆಯ ಮೋಡಗಳಲ್ಲಿ ಕೋಟೆಕೊತ್ತಲಗಳಾಗಿ ಕಂಡು ನೋಡುನೋಡುತ್ತಿದ್ದಂತೆ ಕರಗಿಹೋಗುವ ಊರು ಅದು. ಆ ಊರಿಗೆ ನಾಲ್ಕು ಬಾಗಿಲೆಂದು ಒಬ್ಬನೂ ಐದು ಬಾಗಿಲೆಂದು ಇನ್ನೊಬ್ಬನೂ ಹೇಳಿದರೆ, ಯಾರ ಮಾತು ಸರಿಯೆಂದು ತೀರ್ಮಾನಿಸುವವರು ಯಾರು? ತೀರ್ಮಾನಿಸದಿದ್ದರೆ ನಷ್ಟವಾದರೂ ಯಾರಿಗೆ? ಅಲ್ಲಿ ಒಲೆ ಹೂಡಿದವರು ಯಾರೂ ಇಲ್ಲ. ಆದರೆ ಈಚಿನ ದಿನಗಳಲ್ಲಿ ಇನ್ನೊಂದು ಬಗೆಯ ಊರು ಹುಟ್ಟಿಕೊಂಡಿದೆ. ಅದರ ಮೈ ಗಂಧರ್ವನಗರದ್ದು. ಹೆಸರು ಮಾತ್ರ ನಮ್ಮ ತಾಲ್ಲೂಕು ಕಚೇರಿಯ ದಫ್ತರದಲ್ಲಿ ಇರತಕ್ಕದ್ದು. ಅಂಥ ಊರಿನ ವಿಷಯವಾಗಿ ಆಡಿದ ಮಾತು ಸುಳ್ಳಾಗಬಲ್ಲದು ಎಂದು ನನ್ನ ಎಣಿಕೆ. ಮತ್ತು ಆ ಸುಳ್ಳು ಬಹುಮಟ್ಟಿಗೆ ಒಂದೊಂದು ಶಬ್ದದ ಆಯ್ಕೆಯಲ್ಲಿ ಅಡಗಿಕೊಂಡಿರುತ್ತದೆ.

ನಾನು ಹೇಳಹೊರಟಿರುವುದು ವಿಡಿಯೋ ಆಟಗಳ ಮಾತು. ವಾಚಕರಲ್ಲಿ ಹಿರಿಯರಾದವರು ಮುಖ ಸಿಂಡರಿಸಬಾರದು. ಹಿಂದಿನವರು ಕಾದಂಬರಿಯಲ್ಲಿ ಮುಳುಗಿರುತ್ತಿದ್ದ ಹೊತ್ತನ್ನು ಈಗಿನ ಹುಡುಗರು ಈ ಆಟಗಳಲ್ಲಿ ಕಳೆಯುತ್ತಾರೆ. ಎರಡು ಕಡೆಯೂ ಊಟಕ್ಕೆ ಕರೆದರೆ ಕಿವಿ ಕೇಳಿಸದು ಎಂಬ ಸಾಮ್ಯವಂತೂ ಉಂಟು. ಈ ಆಟಗಳಿಗೆ ಕಥೆಯುಂಟು, ಪಾತ್ರಗಳುಂಟು, ಕಥೆ ನಡೆಯುವ ಊರುಗಳುಂಟು. ಆಟವನ್ನು ಮೆಚ್ಚಿದವರು ಒಟ್ಟಾಗಿ, ಕೂಲಿಯಿಲ್ಲದೆ, ಅದರ ಒಂದೊಂದು ಊರಿಗೂ ಬೆಟ್ಟಕ್ಕೂ ವಿಗ್ರಹಕ್ಕೂ ಒಂದೊಂದು ಲೇಖನ ಬರೆದು ವಿಶ್ವಕೋಶ ಕಟ್ಟುತ್ತಾರೆ. ಇವನ್ನು ವಿಕಿಗಳೆಂದು ಕರೆಯುವುದು ವಾಡಿಕೆ. ವಿಕಿ ಎಂಬುದು ಹವಾಯಿ ದ್ವೀಪದ ಮಾತು; ‘ಬೇಗ’ ಎಂದು ಅರ್ಥ. ೧೯೯೫ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಜ್ಞರು, ಹೊನೊಲುಲು ವಿಮಾನ ನಿಲ್ದಾಣದ ಒಂದು ಬಸ್ಸಿನ ಹೆಸರನ್ನು ನೆನೆದು, ಈ ಬಗೆಯ ಬರವಣಿಗೆಗೆ ಅದನ್ನು ಇಟ್ಟರು. ಬೇಗ ಬರೆಯುವುದಕ್ಕೆ ಏರ್ಪಾಡಾಯಿತು. ಸರಿಯಾದ ಶಬ್ದ ಮಾತ್ರ ಎಂದೂ ಬೇಗ ಸಿಕ್ಕುವ ಪದಾರ್ಥವಲ್ಲ.

ನನ್ನ ಬಂಧುಗಳ ಪೈಕಿ ಒಬ್ಬ ಹುಡುಗ ಇಂಥ ಕೆಲಸದಲ್ಲಿ ತೊಡಗಿದ್ದಾನೆ. ಸಿಂಧನೂರು ತಾಲ್ಲೂಕಿನ ದಢೇಸುಗೂರಿನ ಕಡೆಯವನು, ಓದುತ್ತಿರುವುದು ಬೆಂಗಳೂರಿನಲ್ಲಿ. ಅವನು ಒಮ್ಮೆ ನನ್ನನ್ನು ಕೇಳಿದ ಪ್ರಶ್ನೆ ಇಷ್ಟೆ: ಆಟದ ‘ಸೆಟ್ಟಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯಲಿ?

‘ಹಿನ್ನೆಲೆ’ ಎಂದು ಥಟ್ಟನೆ ಹೇಳಿಬಿಡಬಹುದಾಗಿತ್ತು. ಹಿನ್ನೆಲೆಯೆಂದರೆ ನನಗೆ ಕಂಪನಿ ನಾಟಕದ ಪರದೆಗಳು ನೆನಪಾಗುತ್ತವೆ: ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ. ಆ ಕಾಡಿನೊಳಕ್ಕೆ ಯಾರೂ ಕಾಲಿಡುವಂತಿರಲಿಲ್ಲ. ಇಟ್ಟರೆ ಪರದೆ ಹರಿಯುತ್ತಿತ್ತು. ಈ ಆಟಗಳಲ್ಲಾದರೋ ಆಡುವವನು ಗೋಡೆ ಹತ್ತುತ್ತಾನೆ, ಕೊಳಕ್ಕೆ ಬೀಳುತ್ತಾನೆ, ಬೇಡವಾದ ಸಂದಿಯಲ್ಲೂ ಇಣುಕುತ್ತಾನೆ. ಅದು ಬೆನ್ನ ಹಿಂದೆ ತೂಗಿಬಿಟ್ಟದ್ದಲ್ಲ, ಕಾಲ ಕೆಳಗೆ ಇರುವಂಥದು. ‘ಸನ್ನಿವೇಶ’ ಎಂದರೆ ನಡೆದದ್ದು, ನಡೆದ ಜಾಗವಲ್ಲ. ‘ರಂಗಸ್ಥಳ’ ಒಳ್ಳೆಯ ಶಬ್ದ. ಆದರೆ ಬಯಲಾಟದ ರಂಗಸ್ಥಳದಲ್ಲಿ ಒಂದು ವಿಶೇಷವುಂಟು. ಇದು ಹಸ್ತಿನಾವತಿ ಎಂದು ಭಾಗವತರು ಹಾಡಿದೊಡನೆ ಅದು ಹಸ್ತಿನಾವತಿ. ಇದು ದ್ವಾರಕೆ ಎಂದೊಡನೆ ಅದೇ ಹಲಗೆ ದ್ವಾರಕೆ. ನೋಡುವವರೆಲ್ಲರಿಗೂ ಹಲಗೆ ಕಾಣುತ್ತಿರುವುದರಿಂದ ಮೋಸಹೋಗುವವರಿಲ್ಲ. ಈ ಆಟಗಳಲ್ಲಿ ಹಲಗೆ ಕಾಣುವುದಿಲ್ಲ. ಎಲೆಯ ಮೇಲಿನ ಹನಿ ಕಾಣುತ್ತದೆ. ಕಡೆಗೆ ‘ಕಥೆಯ ನೆಲ’ ಎಂದು ಬರೆ ಎಂದೆ. ಪಂಡಿತರಿಗೆ ಒಪ್ಪಿಗೆಯಾಗಲಾರದು, ಹುಡುಗನಿಗೆ ಒಪ್ಪಿಗೆಯಾಯಿತು.

ಅವನು ಬರೆಯುತ್ತಿದ್ದ ಆಟ ೨೦೧೭ರ ಆಗಸ್ಟ್ ತಿಂಗಳಲ್ಲಿ ಹೊರಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. ಮಾಡಿದವರು ಕ್ಯಾಲಿಫೋರ್ನಿಯದ ನಾಟಿ ಡಾಗ್ ಎಂಬ ಸಂಸ್ಥೆಯವರು. ಕ್ಲೋಯಿ ಫ್ರೇಜರ್ ಎಂಬಾಕೆ, ತಂದೆಯ ಕಡೆಯಿಂದ ಭಾರತದವಳು, ನೆಡೀನ್ ರಾಸ್ ಎಂಬ ದಕ್ಷಿಣ ಆಫ್ರಿಕದ ಹೆಂಗಸಿನೊಡನೆ ಗಣೇಶನ ಮುರಿದ ದಂತವನ್ನು ಹುಡುಕಿಕೊಂಡು ನಮ್ಮ ಪಶ್ಚಿಮ ಘಟ್ಟಗಳಿಗೆ ಬರುತ್ತಾಳೆ. ಅಲ್ಲಿ ಹೊಯ್ಸಳರ ನಗರಗಳಿವೆ. ಹಳೇಬೀಡು ಬೇಲೂರುಗಳ ಹೆಸರು ಬರುತ್ತದೆ. ಜೀಪು ಓಡಿಸಿಕೊಂಡು ಕಾಡು, ಕೊಳ್ಳ, ಜಲಪಾತಗಳನ್ನು ದಾಟಬೇಕು. ಬೆಟ್ಟದೆತ್ತರದ ಶಿವ ಗಣಪತಿಯರ ಕೈಕಾಲು ಹತ್ತಿ ಇಳಿಯಬೇಕು. ಕಥೆಯ ಒಂದು ಅಧ್ಯಾಯಕ್ಕೆ ‘ಕಳೆದುಹೋದ ನಗರ’ ಎಂದೇ ಹೆಸರು. ಅನ್‌ಚಾರ್ಟೆಡ್ ಎಂದರೆ ನಕಾಶೆಗೆ ಸಿಕ್ಕದ್ದು. ಒಟ್ಟಿನಲ್ಲಿ ಬೇಲೂರು ಹಳೇಬೀಡುಗಳು ನಕಾಶೆಗೆ ಸಿಕ್ಕದೆ ಕಳೆದುಹೋಗಿ, ಯಾರೋ ಬಂದು ಕಂಡುಹಿಡಿಯಲೆಂದು ಕಾದಿವೆ ಎಂದಾಯಿತು.

ನಕಾಶೆಯ ಮಾತಿಗೆ ಬಂದರೆ, ಬೇಲೂರು ಹಾಸನದಿಂದ ಸುಮಾರು ೪೦ ಕಿಲೋಮೀಟರು; ಬೇಕಾದಷ್ಟು ಬಸ್ಸುಗಳುಂಟು. ತಾಲ್ಲೂಕಿನ ಮುಖ್ಯ ಸ್ಥಳ. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ, ಪ್ರತಿ ವರ್ಷ ತೇರು ಹೊರಡುತ್ತದೆ. ಮುತ್ತಿಗೆಗಳಲ್ಲಿ ಹಾಳಾದ ಅದರ ಮಹಾದ್ವಾರವನ್ನು ೧೩೯೭ರಲ್ಲಿ, ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು ಮತ್ತೆ ಕಟ್ಟಿಸಿದನು. ಅಂದರೆ ಹೊಯ್ಸಳರು ಹೋದ ಮೇಲೂ ಬಾಗಿಲು ಬಿದ್ದರೆ ಎತ್ತಿ ನಿಲ್ಲಿಸುವ ಜನ ಅಲ್ಲಿದ್ದರು. ಅಲ್ಲಿಂದ ಹಳೇಬೀಡು ೧೬ ಕಿಲೋಮೀಟರು, ಬಯಲುಸೀಮೆಯ ಕಡೆಗೆ. ೧೩೧೧ರಲ್ಲಿ ಮಾಲಿಕ್ ಕಾಫರನ ದಂಡು ಬಂದು ಹೋದದ್ದು, ಮುಂದೆ ತುಘಲಕನ ದಂಡು ಬಂದದ್ದು, ರಾಜಧಾನಿಯ ವೈಭವ ಅಳಿದದ್ದು, ಎಲ್ಲವೂ ನಿಜವೇ. ಊರು ಮಾತ್ರ ಎಲ್ಲಿಗೂ ಹೋಗಲಿಲ್ಲ. ೨೦೧೨ರಲ್ಲಿ ಪಶ್ಚಿಮ ಘಟ್ಟಗಳೂ ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಬೇರೆಬೇರೆಯಾಗಿ ಸೇರಿದವು. ಘಟ್ಟ ಬೇರೆ, ದೇವಾಲಯ ಬೇರೆ ಎಂಬುದು ಪಟ್ಟಿ ಮಾಡುವವರಿಗಾದರೂ ಗೊತ್ತಿತ್ತು.

‘ಕಳೆದುಹೋದ’ ಎಂಬ ಶಬ್ದವನ್ನು ಸ್ವಲ್ಪ ನಿಂತು ನೋಡಬೇಕು. ಹಣ ಕಳೆದುಹೋಯಿತೆಂದರೆ ‘ಯಾರದು?’ ಎಂದು ಕೇಳುತ್ತೇವೆ. ಕಳೆದುಕೊಂಡವರು ಯಾರಾದರೂ ಇರಲೇಬೇಕು. ಊರು ಕಳೆದುಹೋಯಿತೆಂದಾಗ ಮಾತ್ರ ಏತಕ್ಕೋ ಆ ಪ್ರಶ್ನೆ ಏಳುವುದಿಲ್ಲ. ಹೇಳುವವನಿಗೆ ಗೊತ್ತಿರಲಿಲ್ಲ ಎಂಬುದು ಹೇಳುವವನ ಸಂಗತಿ. ಅದನ್ನು ಅವನು ತನ್ನ ಮೈಮೇಲಿಂದ ತೆಗೆದು ಊರಿಗೆ ಹೊದಿಸಿ, ಊರಿನ ಗುಣವೆಂಬಂತೆ ವರ್ಣಿಸುತ್ತಾನೆ. ಬೇಲೂರಿನಲ್ಲಿ ಹೂ ಮಾರುವ ಹೆಂಗಸಿಗೆ ಬೇಲೂರು ಎಂದು ಕಳೆದುಹೋಗಿತ್ತು?

ಇಷ್ಟು ಹೇಳಿದ್ದರಿಂದ ನಾನು ಆಟ ಮಾಡಿದವರ ಮೇಲೆ ದಾವಾ ಹೂಡಿದ್ದೇನೆಂದು ತಿಳಿಯಬಾರದು. ಕಟ್ಟುವವನಿಗೆ ಸ್ವಾತಂತ್ರ್ಯ ಬೇಕು. ಹಾಗೆ ನೋಡಿದರೆ ಹೊಯ್ಸಳರು ಮಲೆನಾಡಿನಿಂದಲೇ ಇಳಿದು ಬಂದವರು. ಅವರ ಮೂಲ ನೆಲೆಯಾದ ಸೊಸೆವೂರು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ‘ಮಲೆಪರೊಳ್ ಗಂಡ’ ಎಂಬುದು ಅವರು ಹೆಮ್ಮೆಯಿಂದ ಹೊತ್ತ ಬಿರುದು. ಕಾಡಿನೊಡನೆ ಅವರ ಹೆಸರನ್ನು ಬೆಸೆದದ್ದು ಪೂರ್ತಿ ನಿರಾಧಾರವೇನಲ್ಲ. ನನಗೆ ಹೆಚ್ಚು ವಿಚಿತ್ರವಾಗಿ ಕಂಡದ್ದು ಆ ಬೃಹತ್ತಾದ ವಿಗ್ರಹಗಳು. ಬಳಪದ ಕಲ್ಲಿನಲ್ಲಿ ಅಂಗೈಯಗಲದ ಜಾಗದೊಳಗೆ ಬಳ್ಳಿ, ಹೂವು, ಒಡವೆಯ ಎಳೆ ಎಲ್ಲವನ್ನೂ ಬಿಡಿಸಿದ ಶಿಲ್ಪಿಗಳ ಹೆಸರಿನಲ್ಲಿ ಬೆಟ್ಟದಂಥ ಮೂರ್ತಿಗಳನ್ನು ನಿಲ್ಲಿಸಿದ್ದಾರೆ! ಇರಲಿ. ಹೊಯ್ಸಳರೆಂಬ ಹೆಸರನ್ನೇ ಕೇಳದ ಎಷ್ಟೋ ದೇಶಗಳ ಹುಡುಗರು ಈ ಆಟದಿಂದ ಅದನ್ನು ಕೇಳಿದರು. ಅದು ಸಣ್ಣ ಉಪಕಾರವಲ್ಲ.

ಆದರೆ ಕಟ್ಟುವವನಿಗಿರುವ ಸ್ವಾತಂತ್ರ್ಯ ವಿವರಿಸುವವನಿಗೆ ಇಲ್ಲ. ಅದು ವರ್ಗವಾಗತಕ್ಕ ಆಸ್ತಿಯಲ್ಲ. ಕವಿ ಹಳೇಬೀಡನ್ನು ಸಮುದ್ರದ ತಳದಲ್ಲಿ ಇಡಬಹುದು. ಆ ಕಾವ್ಯದ ವಿಷಯವಾಗಿ ವಿಶ್ವಕೋಶದಲ್ಲಿ ಬರೆಯುವವನು ‘ಹಳೇಬೀಡು ಸಮುದ್ರದ ತಳದಲ್ಲಿದೆ’ ಎಂದು ಬರೆದರೆ ಅದು ಕಾವ್ಯವಲ್ಲ, ತಪ್ಪು. ‘ಈ ಕಾವ್ಯದಲ್ಲಿ’ ಎಂಬ ಎರಡು ಶಬ್ದ ಸೇರಿಸಿದ ಕೂಡಲೆ ಅದೇ ವಾಕ್ಯ ಸತ್ಯವಾಗುತ್ತದೆ. ಸುಳ್ಳಿಗೂ ಸತ್ಯಕ್ಕೂ ಅಂತರ ಇಷ್ಟು ಕಡಿಮೆಯಾಗಿರುವುದರಿಂದಲೇ ಅವಸರದಲ್ಲಿ ಬರೆಯುವವರು ಅದನ್ನು ದಾಟಿದ್ದೂ ಗೊತ್ತಾಗದೆ ದಾಟಿಬಿಡುತ್ತಾರೆ.

ಈ ವಿಷಯದಲ್ಲಿ ನಮ್ಮ ಭಾಷೆ ನಮಗೆ ಒಂದು ಸಾಧನವನ್ನು ಕೊಟ್ಟಿದೆ. ಅದರ ಬೆಲೆ ನಮಗೆ ಸಾಕಷ್ಟು ತಿಳಿದಿಲ್ಲ. ಅಜ್ಜಿ ಕಥೆ ಹೇಳುವಾಗ ‘ಒಂದೂರಲ್ಲಿ ಒಬ್ಬ ರಾಜ ಇದ್ದ’ ಎನ್ನುವುದಿಲ್ಲ, ‘ಇದ್ದನಂತೆ’ ಎನ್ನುತ್ತಾಳೆ. ಆ ‘ಅಂತೆ’ ಒಂದು ಹೊಸಿಲು. ಮಗುವಿಗೆ ಹೊಸಿಲಿನ ಈಚೆ ಆಚೆ ಯಾವುದೆಂದು ಚೆನ್ನಾಗಿ ಗೊತ್ತು. ಅಳುಕಿಲ್ಲದೆ ದಾಟುತ್ತದೆ, ಕಥೆ ಮುಗಿದೊಡನೆ ಹಿಂದಕ್ಕೆ ಬರುತ್ತದೆ. ಇನ್ನೊಂದು ‘ಅಂತೆ’ ಹೋಲಿಕೆಗೆ ಬರುವಂಥದು: ನದಿಯಂತೆ, ಮನೆಯಂತೆ. ವ್ಯಾಕರಣದವರು ಇವೆರಡೂ ಬೇರೆಬೇರೆ ಎಂದು ಗದರಿಸಬಹುದು. ಆಟದ ಊರನ್ನು ವಿವರಿಸುವವನಿಗೆ ಮಾತ್ರ ಎರಡೂ ಬೇಕು. ಆಟದೊಳಗಿನದು ಹಳೇಬೀಡಿನಂತೆ, ಮತ್ತು ಅದು ಹಳೇಬೀಡಂತೆ! ಇದರ ಜತೆಗೆ ‘ಎಂಬ’ ಎಂಬುದೊಂದು ಉಂಟು. ‘ಹಳೇಬೀಡಿನಲ್ಲಿ’ ಎಂದು ಬರೆಯುವ ಬದಲು ‘ಹಳೇಬೀಡೆಂಬ ಕಲ್ಪಿತ ನಗರದಲ್ಲಿ’ ಎಂದರೆ ಸಾಕು, ಹೆಸರು ಯಾವುದು ಮೈ ಯಾವುದು ಎಂದು ಬೇರೆಯಾಗುತ್ತದೆ. ಪತ್ರಿಕೆಯ ಕನ್ನಡದಲ್ಲಿ ‘ಅಂತೆ’ಯನ್ನು ಹಗುರವಾದ ಮಾತೆಂದು ದೂರವಿಟ್ಟಿದ್ದೇವೆ. ಹಾಗೆ ಇಟ್ಟದ್ದು ಸರಿಯಾಯಿತೆಂದು ನನಗೆ ತೋರುವುದಿಲ್ಲ.

ಮಾಲ್ಗುಡಿಯ ವಿಷಯದಲ್ಲಿ ಏನಾಗಿದೆ ನೋಡಿ. ಆರ್. ಕೆ. ನಾರಾಯಣರು ೧೯೩೫ರಲ್ಲಿ ತಮ್ಮ ಮೊದಲ ಕಾದಂಬರಿಯಲ್ಲಿ ಕಟ್ಟಿದ ಆ ಊರು ಯಾವ ಜಿಲ್ಲೆಗೂ ಸೇರಿದ್ದಲ್ಲ. ಐವತ್ತು ವರ್ಷದ ಮೇಲೆ ಶಂಕರನಾಗ್ ಅವರು ದೂರದರ್ಶನಕ್ಕಾಗಿ ಆ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದರು. ೨೦೨೦ರಲ್ಲಿ ರೈಲ್ವೆಯವರು ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ ಮಾಲ್ಗುಡಿ ಹೆಸರಿನ ಒಂದು ವಸ್ತುಸಂಗ್ರಹಾಲಯವನ್ನೇ ತೆರೆದರು. ಈಗ ‘ಮಾಲ್ಗುಡಿ ಎಂದರೆ ಆಗುಂಬೆ’ ಎಂದು ಸಲೀಸಾಗಿ ಹೇಳುವವರಿದ್ದಾರೆ. ಕಥೆ ನಡೆಯುವ ಊರು ಒಂದು, ಕಥೆಗಾರನ ಮನಸ್ಸಿನಲ್ಲಿ ಮಾದರಿಯಾಗಿದ್ದಿರಬಹುದಾದ ಊರು ಇನ್ನೊಂದು, ಕ್ಯಾಮೆರಾ ಇಟ್ಟ ಊರು ಮತ್ತೊಂದು. ಮೂರಕ್ಕೂ ಮೂರು ಶಬ್ದ ಬೇಕು. ಆಗುಂಬೆಯ ಜನಕ್ಕೆ ಇದರಿಂದ ನಷ್ಟವೇನೂ ಆಗಿಲ್ಲ, ಲಾಭವೇ ಆಗಿರಬಹುದು. ಆದ್ದರಿಂದ ಯಾರೂ ತಕರಾರು ಮಾಡಿಲ್ಲ. ಊರಿಗೆ ಹೊದಿಸಿದ ಹೆಸರು ಚೆಲುವಾಗಿದ್ದರೆ ತಕರಾರು ಏಳುವುದು ಕಡಿಮೆ.

ಇನ್ನು ಗಣೇಶನ ದಂತ. ಅದಕ್ಕೆ ‘ಪೌರಾಣಿಕ’ ಎನ್ನಬೇಕೇ ‘ಕಾಲ್ಪನಿಕ’ ಎನ್ನಬೇಕೇ ಎಂದು ಹುಡುಗನಿಗೆ ಸಂದೇಹ ಬಂದಿತ್ತು. ಇಂಗ್ಲಿಷಿನವರ ‘ಮಿಥ್’ ಎಂಬ ಶಬ್ದದಲ್ಲಿ ನಂಬತಕ್ಕದ್ದಲ್ಲ ಎಂಬ ಧ್ವನಿ ಸೇರಿಕೊಂಡಿದೆ. ನಮ್ಮ ಕಿವಿಗೆ ಅದು ‘ಮಿಥ್ಯೆ’ಯ ನೆಂಟನಂತೆಯೂ ಕೇಳುತ್ತದೆ. ‘ಪುರಾಣ’ ಎಂದರೆ ಹಳೆಯದು, ಅಷ್ಟೆ. (‘ನಿನ್ನ ಪುರಾಣ ಸಾಕು’ ಎಂದು ಮನೆಯಲ್ಲಿ ಬೈಸಿಕೊಂಡವರು ಬೇರೆ ಅರ್ಥವನ್ನೂ ಬಲ್ಲರು.) ಪರಶುರಾಮನ ಕೊಡಲಿಯಿಂದ ಗಣೇಶನ ದಂತ ಮುರಿಯಿತೆಂಬ ಕಥೆ ಪೌರಾಣಿಕ, ಆ ದಂತ ಹೊಯ್ಸಳರ ವಶಕ್ಕೆ ಬಂದು ಪಶ್ಚಿಮ ಘಟ್ಟದಲ್ಲಿ ಅಡಗಿತ್ತೆಂಬುದು ಆಟದವರ ಕಲ್ಪನೆ. ಎರಡನ್ನೂ ಒಂದೇ ಶಬ್ದದ ಚೀಲಕ್ಕೆ ತುಂಬುವುದು ಭಕ್ತರಿಗೂ ಅನ್ಯಾಯ, ಕಥೆಗಾರರಿಗೂ ಅನ್ಯಾಯ. ಅಲ್ಲಿಂದ ಮುಂದೆ ದಾರಿ ಅಷ್ಟು ಸುಲಭವಲ್ಲ. ತುಂಗಭದ್ರೆಯ ದಡದ ಆನೆಗೊಂದಿಯನ್ನು ಕಿಷ್ಕಿಂಧೆಯೆಂದೂ ಅಲ್ಲಿನ ಅಂಜನಾದ್ರಿಯನ್ನು ಆಂಜನೇಯನ ಜನ್ಮಸ್ಥಳವೆಂದೂ ನಂಬಿ ಬೆಟ್ಟ ಹತ್ತುವವರು ದಿನವೂ ಬರುತ್ತಾರೆ. ೨೦೨೧ರಲ್ಲಿ ತಿರುಪತಿಯ ದೇವಸ್ಥಾನದವರು ಜನ್ಮಸ್ಥಳ ತಿರುಮಲೆಯಲ್ಲಿದೆಯೆಂದು ಸಾರಿದರು. ಅಲ್ಲಿ ನಿಂತು ‘ಅಂತೆ’ ಎಂದರೆ ಎದುರಿಗಿದ್ದವನ ಮುಖ ಸಣ್ಣದಾಗುತ್ತದೆ. ‘ಎಂದು ಭಕ್ತರು ನಂಬುತ್ತಾರೆ’ ಎಂದು ಬರೆದು ನಿಲ್ಲಿಸುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ಅದು ಪೂರ್ತಿ ತೃಪ್ತಿಕರವಾದ ಉತ್ತರವೆಂದು ಹೇಳಲಾರೆ.

ಆನೆಗೊಂದಿಯಿಂದ ಹೊಳೆಯ ಹರಿವಿನೊಡನೆ ಕೆಳಕ್ಕೆ ಹೋದರೆ ಎಡದಡದಲ್ಲಿ ಹುಡುಗನ ದಢೇಸುಗೂರು ಸಿಕ್ಕುತ್ತದೆ. ಬೇರೆಯವರ ಊರಿಗೆ ಬಳಸುವ ಶಬ್ದಗಳ ಲೆಕ್ಕ ಆಯಿತು, ನಿನ್ನ ಊರಿಗೆ ಏನು ಬರೆಯುತ್ತೀ ಎಂದು ನಾನು ಅವನನ್ನು ಕೇಳಿದ್ದುಂಟು. ಸಿರುಗುಪ್ಪದಿಂದ ಸಿಂಧನೂರಿಗೆ ಹೋಗುವವರು ಹೊಳೆ ದಾಟಿ ಕಾಲಿಡುವ ನೆಲ ಅದು. ಅಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. ಸುತ್ತಲೂ ಭತ್ತದ ಗದ್ದೆ. ಅದನ್ನು ದಢೇಸುಗೂರೆಂದೂ ದಡೇಸೂಗೂರೆಂದೂ ಬರೆಯುತ್ತಾರೆ. ಹೊಳೆಯ ದಡದಲ್ಲಿರುವುದರಿಂದ ‘ದಡೇ’ ಎಂದು ಬಂತೆಂದು ಹೇಳಿಬಿಡಲು ನಾಲಗೆ ತುರಿಸುತ್ತದೆ; ಕಿವಿಗೆ ಹಿತವಾದದ್ದೆಲ್ಲ ಆಧಾರವಾಗಲಾರದಾದ್ದರಿಂದ ಆ ಆಸೆಯನ್ನು ತಡೆದುಕೊಳ್ಳಬೇಕು.

ಊರಿಗಿಂತ ಸೀಮೆಯ ಹೆಸರು ಇನ್ನೂ ತೊಡಕು. ಪಠ್ಯಪುಸ್ತಕದ ಇತಿಹಾಸದಲ್ಲಿ ಅದು ‘ರಾಯಚೂರು ದೋಆಬ್’, ವಿಜಯನಗರದವರೂ ಬಹಮನಿಗಳೂ ಕಾದಾಡಿದ ಜಾಗ, ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಷಾನನ್ನು ಸೋಲಿಸಿದ ಜಾಗ. ಅಲ್ಲಿ ಬಿತ್ತಿ ಬೆಳೆದವರೂ ಇದ್ದರೆಂಬುದು ಆ ಪಾಠದಿಂದ ಹೊಳೆಯುವುದಿಲ್ಲ. ಪರರ ಯುದ್ಧಕ್ಕೆ ಹಾಸಿದ ಕಥೆಯ ನೆಲ ಅದು. ೧೯೫೩ರ ಅಕ್ಟೋಬರಿನವರೆಗೆ ಹೊಳೆಯ ಆಚೆಯ ಸಿರುಗುಪ್ಪ ಮದರಾಸು, ಈಚೆಯ ದಢೇಸುಗೂರು ಹೈದರಾಬಾದು. ಆಮೇಲೆ ಮೂರು ವರ್ಷ ಆಚೆಯದು ಮೈಸೂರು, ಈಚೆಯದು ಹೈದರಾಬಾದೇ. ೧೯೫೬ರಲ್ಲಿ ಎರಡು ದಡವೂ ಒಂದು ರಾಜ್ಯವಾದ ಮೇಲೂ ಈಚೆಯ ದಡಕ್ಕೆ ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು ಅಂಟಿಕೊಂಡಿತು. ೨೦೧೯ರಲ್ಲಿ ಅದನ್ನು ‘ಕಲ್ಯಾಣ ಕರ್ನಾಟಕ’ ಎಂದು ತಿದ್ದಿದರು. ಹೋದ ಅರಸನ ರಾಜಧಾನಿ ಹೋಗಿ ಅದಕ್ಕೂ ಹಿಂದೆ ಹೋದ ಅರಸರ ರಾಜಧಾನಿ ಬಂತು. ಶಾಸನಗಳಲ್ಲಿ ಆ ಸೀಮೆಗೆ ‘ಎಡೆದೊರೆ’ ಎಂಬ ಹೆಸರಿದೆ. ಎರಡು ತೊರೆಗಳ ನಡುವಿನ ನಾಡು. ಯಾವ ರಾಜಧಾನಿಯ ಹಂಗೂ ಇಲ್ಲದೆ ಕೃಷ್ಣೆ ತುಂಗಭದ್ರೆಯರನ್ನು ಮಾತ್ರ ಸಾಕ್ಷಿ ಹಾಕುವ ಹೆಸರು. ನನ್ನ ಮಟ್ಟಿಗೆ ಅದೇ ಚೆನ್ನ. ಸರಕಾರದವರು ನನ್ನನ್ನು ಕೇಳಲಿಲ್ಲ.

ಸರಿಯಾದ ಹೆಸರಿಗಾಗಿ ಕಾಯುವುದರ ಸುಖವನ್ನು ಇದೇ ಸೀಮೆಯ ಮಸ್ಕಿ ಕಂಡಿದೆ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಅದು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದರು. ೧೯೧೫ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಮಸ್ಕಿಯ ಬೆಟ್ಟದಲ್ಲಿ ಕಂಡ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಮುಂದೆ ಹೊಳೆಯಾಚೆ ಸಿರುಗುಪ್ಪದ ಕಡೆಯ ನಿಟ್ಟೂರು ಉಡೇಗೊಳಗಳಲ್ಲೂ ಅದು ಸಿಕ್ಕಿತು. ಊಹೆ ಮೊದಲೇ ಸರಿಯಾಗಿತ್ತು. ಆದರೂ ‘ಇರಬೇಕು’ ಎಂಬುದು ‘ಇದೆ’ ಆಗುವುದಕ್ಕೆ ೭೮ ವರ್ಷ ಹಿಡಿಯಿತು. ವಿಕಿಯ ಅವಸರದವರು ಈ ಅಂಕಿಯನ್ನು ನೆನಪಿಡಬಹುದು.

ಸಿಂಧನೂರಿನ ಕಡೆ ಇನ್ನೊಂದು ಶಬ್ದವುಂಟು. ನಾನು ಇಷ್ಟು ದೂರ ಬಂದದ್ದೇ ಅದಕ್ಕಾಗಿ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಬಂದಾಗ ಆಂಧ್ರದ ಕರಾವಳಿಯಿಂದ ರೈತರು ಬಂದು ಜಮೀನು ಕೊಂಡು ಗುಡಿಸಲು ಹಾಕಿಕೊಂಡರು. ಆ ವಸತಿಗಳಿಗೆ ‘ಕ್ಯಾಂಪು’ ಎಂದು ಹೆಸರಾಯಿತು. ಅನಂತರ ಪೂರ್ವ ಪಾಕಿಸ್ತಾನವನ್ನು ಬಿಟ್ಟುಬಂದ ಬಂಗಾಳಿ ಕುಟುಂಬಗಳಿಗೆ ಸರಕಾರ ಅಲ್ಲಿ ಪುನರ್ವಸತಿ ಕಲ್ಪಿಸಿತು; ಅವು ಆರ್. ಎಚ್. ಕ್ಯಾಂಪುಗಳು, ಒಂದನೆಯ ನಂಬರು, ಎರಡನೆಯ ನಂಬರು, ಹೀಗೆ. ಗುಡಿಸಲು ಹೋಗಿ ಮಾಳಿಗೆ ಮನೆ ಬಂತು, ಶಾಲೆ ಬಂತು, ಗುಡಿ ಬಂತು, ಮೊಮ್ಮಕ್ಕಳು ಹುಟ್ಟಿದರು. ಶಬ್ದ ಮಾತ್ರ ಇನ್ನೂ ಡೇರೆಯಲ್ಲೇ ಇದೆ. ಕ್ಯಾಂಪು ಎಂದರೆ ನಾಳೆ ಎದ್ದು ಹೋಗುವವರದು. ವಿಡಿಯೋ ಆಟಗಳಲ್ಲಿ ಕ್ಯಾಂಪು ಎಂಬುದಕ್ಕೆ ಇನ್ನೂ ಒಂದು ಅರ್ಥವಿದೆ: ಶತ್ರುಗಳು ತಂಗಿರುವ ಜಾಗ, ಆಡುವವನು ಒಳನುಗ್ಗಿ ಖಾಲಿ ಮಾಡಬೇಕಾದದ್ದು. ಆರ್. ಎಚ್. ಕ್ಯಾಂಪಿನ ಹುಡುಗನೊಬ್ಬ ಸಿಂಧನೂರಿನ ಶಾಲೆಯಿಂದ ಬಂದು ಮೊಬೈಲು ಹಿಡಿದು ಈ ಆದೇಶವನ್ನು ಓದುತ್ತಾನೆಂದು ಇಟ್ಟುಕೊಳ್ಳಿ. ಅವನಿಗೆ ಏನೂ ಅನ್ನಿಸದೆ ಇರಬಹುದು. ಮಕ್ಕಳು ಶಬ್ದಗಳನ್ನು ನಮಗಿಂತ ಹಗುರವಾಗಿ ಹೊರುತ್ತಾರೆ.

ಕಾನೂನು ಮಾತ್ರ ಹಗುರವಾಗಿ ಹೊರುವುದಿಲ್ಲ. ದಾಖಲೆಯಲ್ಲಿ ‘ಗ್ರಾಮ’ ಎಂದಿದ್ದರೆ ಒಂದು ಬಗೆ, ‘ಕ್ಯಾಂಪು’ ಎಂದಿದ್ದರೆ ಇನ್ನೊಂದು ಬಗೆ. ಕಂದಾಯ ಗ್ರಾಮವಲ್ಲದ ಕಡೆ ತಲೆಮಾರುಗಳಿಂದ ಇರುವ ಮನೆಯ ಅಡಿಯ ನೆಲಕ್ಕೆ ಕಾಗದವಿರುವುದಿಲ್ಲ. ಕರ್ನಾಟಕ ಭೂಸುಧಾರಣಾ ಕಾಯಿದೆಗೆ ೨೦೧೭ರಲ್ಲಿ ಸೇರಿದ ೩೮-ಎ ಕಲಮು ಇಂಥ ನೆಲೆಗಳಿಗೆ ‘ದಾಖಲೆಯಿಲ್ಲದ ಜನವಸತಿ’ ಎಂದು ಹೆಸರಿಟ್ಟು, ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪು ಎಂದು ಶಬ್ದಗಳನ್ನು ಒಂದೊಂದಾಗಿ ಎಣಿಸಿತು. ೨೦೨೩ರ ಜನವರಿಯಲ್ಲಿ ಮಳಖೇಡದಲ್ಲಿ ತಾಂಡಾಗಳ ಸುಮಾರು ೫೦ ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭ ನಡೆಯಿತು. ಅಲ್ಲಿಯ ತನಕ ಆ ಮನೆಗಳೇ ನಿಜವಾಗಿ ನಕಾಶೆಗೆ ಸಿಕ್ಕದವು. ಜನ ತುಂಬಿದ ಊರು ದಫ್ತರದಲ್ಲಿಲ್ಲ. ದಫ್ತರದಲ್ಲಿರುವ ಬೇಲೂರು ಆಟದಲ್ಲಿ ಕಳೆದುಹೋಗಿದೆ.

‘ಇದೆಲ್ಲ ಅತಿಯಾಯಿತು, ಆಟವನ್ನು ಆಟವಾಗಿ ನೋಡಬಾರದೆ? ಭೂಗೋಳ ಕಲಿಯಲು ಯಾರು ಅಲ್ಲಿಗೆ ಹೋಗುತ್ತಾರೆ?’ ಎಂದು ನನ್ನ ಮಿತ್ರರೊಬ್ಬರು ಕೇಳಿದರು. ಭೂಗೋಳ ಕಲಿಯಲು ಯಾರೂ ಹೋಗುವುದಿಲ್ಲ ಎಂಬುದು ಒಪ್ಪತಕ್ಕ ಮಾತೇ. ಕಲಿಯುತ್ತಿದ್ದೇನೆಂದು ತಿಳಿದು ಕಲಿತದ್ದನ್ನು ಮನಸ್ಸು ಪರೀಕ್ಷೆ ಮಾಡುತ್ತದೆ. ಆಡುತ್ತ ಕಲಿತದ್ದನ್ನು ಮಾಡುವುದಿಲ್ಲ. ಹಳೇಬೀಡನ್ನು ಎಂದೂ ಕಾಣದ ಹುಡುಗನೊಬ್ಬ ಸ್ವೀಡನ್ನಿನಲ್ಲೋ ಬ್ರೆಜಿಲಿನಲ್ಲೋ ಆ ಹೆಸರನ್ನು ಹುಡುಕಿದಾಗ ಅವನ ಕೈಗೆ ಮೊದಲು ಸಿಕ್ಕುವುದು ಈ ಅಭಿಮಾನಿಗಳ ವಿಶ್ವಕೋಶದ ಸಾಲಾಗಿದ್ದರೆ, ಆ ಸಾಲನ್ನು ಬರೆದವನು ತಾನು ಒಪ್ಪಿಕೊಂಡಿಲ್ಲದ ಒಂದು ಮೇಷ್ಟರ ಕೆಲಸವನ್ನು ಮಾಡುತ್ತಿದ್ದಾನೆ. ಹೊರೆಯೇನೂ ಹೆಚ್ಚಿನದಲ್ಲ: ಒಂದು ‘ಆಟದಲ್ಲಿ’, ಒಂದು ‘ಎಂಬ’, ‘ಕಳೆದುಹೋದ’ ಎಂಬುದಕ್ಕೆ ಬದಲಾಗಿ ‘ಆಟದ ಕಥೆಯಲ್ಲಿ ಕಳೆದುಹೋಗಿದೆಯೆಂದು ಹೇಳಲಾದ’. ಕಡೆಯದು ಉದ್ದವಾಯಿತೆಂದು ಹುಡುಗನ ಆಕ್ಷೇಪಣೆ. ಉದ್ದವಾಗಿದೆ, ನಿಜ.

ಶಬ್ದಗಳ ಸಹವಾಸದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ‘ಬೀಡು’ ಎಂದರೆ ಏನು? ದಂಡು ಬೀಡುಬಿಟ್ಟಿತು ಎನ್ನುತ್ತೇವೆ. ದಣಿದ ಸೈನ್ಯ ತಂಗಿದ ಜಾಗ, ಡೇರೆ ಹೊಡೆದ ಜಾಗ ಬೀಡು. ಅರಸ ಮತ್ತೆಮತ್ತೆ ಬಂದು ತಂಗಿ, ಕಡೆಗೆ ಏಳದೆ ಉಳಿದದ್ದು ನೆಲೆವೀಡು. ಹೊಯ್ಸಳರ ಶಾಸನಗಳಲ್ಲಿ ದೋರಸಮುದ್ರವನ್ನು ಕರೆಯುವ ಶಬ್ದ ಅದು. ಅರಸರು ಹೋದ ಮೇಲೆ ಜನ ಅದನ್ನು ಹಳೆಯ ಬೀಡು ಎಂದರು. ಈಗಿನ ಮಾತಿನಲ್ಲಿ ಹೇಳುವುದಾದರೆ, ಹಳೇ ಕ್ಯಾಂಪು. ಹುಡುಗನಿಗೆ ಇದನ್ನು ಹೇಳಿದಾಗ ಅವನು ಕೂಡಲೆ ಮೊಬೈಲು ತೆಗೆದು, ಇದನ್ನು ಲೇಖನದಲ್ಲಿ ಸೇರಿಸಬಹುದೇ, ಇದಕ್ಕೆ ಆಧಾರ ಯಾವ ನಿಘಂಟಿನ ಎಷ್ಟನೆಯ ಪುಟ ಎಂದು ಕೇಳಿದ. ಪುಟ ಹುಡುಕಿಕೊಟ್ಟೆ.